ಪೆನ್‌ಡ್ರೈವ್‌ನ ಫೋಟೊಗಳನ್ನು 'ಅಪ್‌ಲೋಡ್' ಮಾಡಿದ್ದು

ಒಂದು ಸಹಕಾರ ಸಂಘಕ್ಕೆ ಲಾರಾವೆಲ್‌ನಲ್ಲಿ (ಪಿಎಚ್‌ಪಿ ಭಾಷೆಯ ವೆಬ್ ಫ್ರೇಮ್‌ವರ್ಕ್) ಸದಸ್ಯರ ಪೋರ್ಟಲ್ ಮಾಡಿಕೊಟ್ಟಿದ್ದೆ. ಸದಸ್ಯರು ಲಾಗಿನ್ ಆಗಿ ತಮ್ಮ ಫೋಟೊ ತಾವೇ ಹಾಕಿಕೊಳ್ಳಲಿ ಅಂತ ಚಂದದ ಫಾರ್ಮ್ ಕೂಡ ಇತ್ತು. ಯಾರೂ ಹಾಕಲಿಲ್ಲ. ಎರಡು ತಿಂಗಳು ನೋಡಿ ಕಾರ್ಯದರ್ಶಿಗಳು ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟರು. "ಎಲ್ಲಾ ಇದರಲ್ಲಿದೆ ಸರ್. ನೀವೇ ಹಾಕಿಬಿಡಿ." ಒಳಗೆ ಒಂದು ಜಿಪ್, ಅದರಲ್ಲಿ 1,840 ಫೋಟೊ. ಜೊತೆಗೆ ಯಾವ ಫೋಟೊ ಯಾವ ಸದಸ್ಯರದ್ದು ಅಂತ ಹೇಳುವ ಎಕ್ಸೆಲ್ ಶೀಟು.

ಫೋಟೊ ಸೇರಿಸುವ ಕೋಡ್ ಆಗಲೇ ಇತ್ತಲ್ಲ. ಒಂದು ಸರ್ವಿಸ್ ಕ್ಲಾಸ್ ವ್ಯಾಲಿಡೇಷನ್ ಮಾಡಿ, ಸಣ್ಣ ಪ್ರತಿ ತಯಾರಿಸಿ, ಫೈಲನ್ನು ಅದರ ಜಾಗಕ್ಕೆ ಸೇರಿಸುತ್ತಿತ್ತು. ಅದನ್ನೇ ಒಂದು ಆರ್ಟಿಸನ್ ಕಮಾಂಡ್‌ನಿಂದ (ಲಾರಾವೆಲ್‌ನಲ್ಲಿ ಕಮಾಂಡ್ ಲೈನ್‌ನಿಂದ ಓಡಿಸುವ ಕೋಡ್) ಲೂಪ್‌ನಲ್ಲಿ ಕರೆದರೆ ಸಂಜೆಯೊಳಗೆ ಮುಗಿಯಿತು ಅಂದುಕೊಂಡೆ. ತೊಡಕು ಒಂದೇ: ಆ ಸರ್ವಿಸ್‌ಗೆ ಬೇಕಿದ್ದದ್ದು ಫೈಲ್‌ನ ಪಾಥ್ ಅಲ್ಲ, ಬ್ರೌಸರ್‌ನಿಂದ ಬಂದ ಫೈಲನ್ನು ಪ್ರತಿನಿಧಿಸುವ 'ಅಪ್‌ಲೋಡೆಡ್‌ಫೈಲ್' ಆಬ್ಜೆಕ್ಟ್.

ಸರಿ, ನಾನೇ ಒಂದು ಹುಟ್ಟಿಸಿದೆ. ಪಾಥ್ ಕೊಟ್ಟೆ, ಹೆಸರು ಕೊಟ್ಟೆ, ಓಡಿಸಿದೆ. ಪ್ರತಿ ಫೋಟೊಗೂ ಒಂದೇ ಉತ್ತರ: ಅಪ್‌ಲೋಡ್ ವಿಫಲವಾಗಿದೆ. ಫೈಲ್ ಕಣ್ಣೆದುರಿಗೇ ಇದೆ, ತೆರೆದರೆ ತೆರೆಯುತ್ತದೆ.

ಹಳೆಯ ಪ್ರಾಜೆಕ್ಟ್ ಒಂದರಲ್ಲಿ ಇದನ್ನೇ ಮಾಡಿದ್ದು ನೆನಪಾಯಿತು. ಅಲ್ಲಿಂದ ಸಾಲನ್ನು ಎತ್ತಿ ತಂದೆ. ಪಾಥ್, ಹೆಸರು, ಮೈಮ್ ಟೈಪ್ (ಫೈಲ್ ಯಾವ ಬಗೆಯದು ಅನ್ನುವುದು), ಸೈಜ್, ಎರರ್ ಸೊನ್ನೆ (ಅಂದರೆ ಎರರ್ ಇಲ್ಲ), ಕೊನೆಗೆ ಟ್ರೂ. ಒಟ್ಟು ಆರು. ಈಗ ಬೇರೆ ರಗಳೆ: 'ಗೊತ್ತಿಲ್ಲದ ಎರರ್'. ಇದಕ್ಕೆ ಕಾರಣ ಹುಡುಕಲು ಅರ್ಧ ದಿನ ಹೋಯಿತು.

ಲಾರಾವೆಲ್‌ನ ಈ ಕ್ಲಾಸ್ ಒಳಗಡೆ ಸಿಂಫನಿ ಅನ್ನುವ ಇನ್ನೊಂದು ಪಿಎಚ್‌ಪಿ ಫ್ರೇಮ್‌ವರ್ಕ್‌ನದ್ದು. ಸಿಂಫನಿ 5ರಲ್ಲಿ ಸೈಜ್ ಅನ್ನುವ ಆರ್ಗ್ಯುಮೆಂಟನ್ನೇ ತೆಗೆದುಹಾಕಿದ್ದಾರೆ. ಹಾಗಾಗಿ ನಾಲ್ಕನೇ ಜಾಗದಲ್ಲಿ ಈಗ ಕೂತಿರುವುದು ಎರರ್ ಕೋಡ್. ನಾನು ಫೋಟೊದ ಸೈಜ್ 84,213 ಬೈಟ್ ಅಂತ ಕೊಟ್ಟರೆ ಅದು 'ಓಹೋ, ಎರರ್ ನಂಬರ್ 84,213' ಅಂತ ಓದಿಕೊಂಡಿತು. ಎರರ್ ಅಂತ ಕೊಟ್ಟ ಸೊನ್ನೆ ಐದನೇ ಜಾಗಕ್ಕೆ ಜಾರಿ ಫಾಲ್ಸ್ ಆಯಿತು. ಆರನೆಯ ಟ್ರೂ ಕಡೆ ಪಿಎಚ್‌ಪಿ ತಿರುಗಿಯೂ ನೋಡಲಿಲ್ಲ. ಜಾಸ್ತಿ ಆರ್ಗ್ಯುಮೆಂಟ್ ಕೊಟ್ಟರೆ ನಾವು ಬರೆದ ಫಂಕ್ಷನ್‌ಗಳಲ್ಲಿ ಅದು ಚಕಾರ ಎತ್ತುವುದಿಲ್ಲ.

ಆಮೇಲೆ ಸುಮ್ನೆ ಕೂತು ಆ ಕ್ಲಾಸ್‌ನ ಸೋರ್ಸ್ ಓದಿದೆ. ಮೊದಲೇ ಓದಬೇಕಿತ್ತು. ಫೈಲ್ ಸರಿಯಿದೆಯೇ ಅಂತ ನೋಡುವಾಗ ಅದು ಪಿಎಚ್‌ಪಿಯ 'ಈಸ್ ಅಪ್‌ಲೋಡೆಡ್ ಫೈಲ್' ಫಂಕ್ಷನನ್ನು ಕೇಳುತ್ತದೆ. ಈಗ ನಡೆಯುತ್ತಿರುವ ಪೋಸ್ಟ್ ರಿಕ್ವೆಸ್ಟ್‌ನಲ್ಲಿ ಬಂದ ಫೈಲ್‌ಗಳ ಪಟ್ಟಿಯನ್ನು ಪಿಎಚ್‌ಪಿ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆ ಪಟ್ಟಿಗೆ ನಾವು ಹೊರಗಿನಿಂದ ಹೆಸರು ಸೇರಿಸಲು ಆಗುವುದಿಲ್ಲ. ಅಪ್‌ಲೋಡ್‌ಗಳ ವಿವರ ಬರುವ 'ಫೈಲ್ಸ್' ಅರೇಯನ್ನು ಕೈಯಿಂದ ತುಂಬಿಸಿದರೂ ಅಷ್ಟೇ. ಅದು ಒಳ್ಳೆಯದೇ. ಇಲ್ಲದಿದ್ದರೆ ಯಾರಾದರೂ ಸರ್ವರ್‌ನ ಪಾಸ್‌ವರ್ಡ್ ಫೈಲನ್ನೇ 'ಇದು ನನ್ನ ಫೋಟೊ' ಅಂತ ನಂಬಿಸಿಬಿಡಬಹುದು. ಕಮಾಂಡ್ ಲೈನ್‌ನಲ್ಲಂತೂ ರಿಕ್ವೆಸ್ಟೇ ಇಲ್ಲ, ಪಟ್ಟಿ ಯಾವಾಗಲೂ ಖಾಲಿ.

ಈ ತಪಾಸಣೆಯನ್ನು ಬಿಟ್ಟುಬಿಡು ಅನ್ನಲು ಇರುವುದೇ ಆ ಕೊನೆಯ 'ಟೆಸ್ಟ್' ಆರ್ಗ್ಯುಮೆಂಟ್. ಪಿಎಚ್‌ಪಿ 8ರಲ್ಲಿ ಹೆಸರು ಹಿಡಿದೇ ಆರ್ಗ್ಯುಮೆಂಟ್ ಕೊಡಬಹುದಲ್ವಾ, ಹಾಗೆ 'ಟೆಸ್ಟ್' ಅನ್ನುವ ಹೆಸರಿಗೇ ಟ್ರೂ ಅಂತ ಬರೆದೆ. ಎಷ್ಟನೇ ಜಾಗ ಅಂತ ಎಣಿಸುವ ಕೆಲಸವೇ ತಪ್ಪಿತು. ಪಕ್ಕದಲ್ಲಿ ಕೂರುವ ಹುಡುಗ ಇಣುಕಿ ನೋಡಿ, "ಏನ್ ಗುರೂ, ಪ್ರೊಡಕ್ಷನ್ ಕೋಡಲ್ಲಿ ಟೆಸ್ಟ್ ಅಂತ ಇದೆ?" ಅಂದ. ಹೆಸರೇ ಹಾಗಿದೆ ಮಾರಾಯ, ಏನು ಮಾಡಲಿ.

ಈ ಸಲ ಓಡಿತು. ಒಂದಾದ ಮೇಲೆ ಒಂದು ಫೋಟೊ ಸರಸರನೆ ಹೋಯಿತು. ಸುಮಾರು 600 ದಾಟಿದ ಮೇಲೆ ಏನೋ ನೋಡಲು ಮೂಲ ಫೋಲ್ಡರ್ ತೆರೆದೆ. ಆ 600 ಫೋಟೊ ಅಲ್ಲಿರಲಿಲ್ಲ.

ನನ್ನ ಹಳೆಯ ಸರ್ವಿಸ್ 'ಮೂವ್' ಮೆಥಡ್ ಬಳಸುತ್ತಿತ್ತು. ನಿಜವಾದ ಅಪ್‌ಲೋಡ್ ಆದರೆ ತಾತ್ಕಾಲಿಕ ಫೈಲ್ ಎತ್ತಿಕೊಂಡು ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಟೆಸ್ಟ್ ಟ್ರೂ ಇದ್ದರೆ ಅದು ಮಾಡುವುದು ಬರೀ ರಿನೇಮ್. ಅಂದರೆ ಮೂಲ ಫೈಲನ್ನೇ ಎತ್ತಿ ಹೊಸ ಜಾಗದಲ್ಲಿ ಇಡುತ್ತದೆ. ಪುಣ್ಯಕ್ಕೆ ಪೆನ್‌ಡ್ರೈವ್ ಇನ್ನೂ ನನ್ನ ಡ್ರಾಯರ್‌ನಲ್ಲೇ ಇತ್ತು. ಕಾರ್ಯದರ್ಶಿಗಳಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಮುಂದಿನ ಸಲ ಪ್ರತಿ ಫೋಟೊವನ್ನೂ ಮೊದಲು ಟೆಂಪ್ ಫೋಲ್ಡರ್‌ಗೆ ಕಾಪಿ ಮಾಡಿ, ಆ ಪ್ರತಿಯಿಂದ ಆಬ್ಜೆಕ್ಟ್ ಮಾಡಿದೆ. ಟೆಂಪ್ ಫೈಲ್‌ಗೆ ಎಕ್ಸ್‌ಟೆನ್ಷನ್ ಇರುವುದಿಲ್ಲ, ಚಿಂತೆಯಿಲ್ಲ. ಮೂಲ ಹೆಸರನ್ನು ಎರಡನೇ ಆರ್ಗ್ಯುಮೆಂಟ್ ಆಗಿ ಕೊಡುತ್ತೇವಲ್ಲ. ವ್ಯಾಲಿಡೇಷನ್‌ನಲ್ಲಿ ಬಿದ್ದ ಫೋಟೊದ ಪ್ರತಿ ಮಾತ್ರ ಟೆಂಪ್‌ನಲ್ಲೇ ಉಳಿಯುತ್ತದೆ. ಅದನ್ನು ಎರರ್ ಬಂದರೂ ಬಾರದಿದ್ದರೂ ಓಡುವ 'ಫೈನಲಿ' ಬ್ಲಾಕ್‌ನಲ್ಲಿ ಅಳಿಸಿದೆ.

ಅಷ್ಟರಲ್ಲಿ ಇನ್ನೊಂದು ಕಾಟ ಶುರುವಾಯಿತು. 'ಗೋಪಾಲಯ್ಯ' ಅನ್ನುವ ಫೋಟೊ ಫೋಲ್ಡರ್‌ನಲ್ಲಿದೆ, ಶೀಟ್‌ನಲ್ಲೂ ಇದೆ, ಆದರೆ ಕೋಡ್‌ಗೆ ಎರಡೂ ಬೇರೆ ಬೇರೆ. 'ರಾಮಯ್ಯ' ಮಾತ್ರ ಸರಾಗವಾಗಿ ಸಿಗುತ್ತಿದ್ದ. ಉದ್ದ ಅಳೆದು ನೋಡಿದೆ. ಶೀಟ್‌ನ 'ಗೋ' 6 ಬೈಟ್, ಫೈಲ್ ಹೆಸರಿನ 'ಗೋ' 12 ಬೈಟ್! ಸ್ಟುಡಿಯೋದವರು ಮ್ಯಾಕ್‌ನಲ್ಲಿ ಜಿಪ್ ಮಾಡಿದ್ದರು. ಅಲ್ಲಿ ಓಕಾರದ ಚಿಹ್ನೆ ಮೂರು ತುಂಡಾಗಿ ಬಿಡಿಬಿಡಿಯಾಗಿ ಕೂತಿತ್ತು. ಶೀಟ್‌ನಲ್ಲಿ ಒಂದೇ ಅಕ್ಷರ. ಕಣ್ಣಿಗೆ ಎರಡೂ ಒಂದೇ ಥರ. ಈಕಾರ, ಏಕಾರ, ಐಕಾರಗಳದ್ದೂ ಇದೇ ಪಾಡು. ಪಿಎಚ್‌ಪಿಯ ನಾರ್ಮಲೈಜರ್‌ನಿಂದ ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತಂದ ಮೇಲೆ ಗೋಪಾಲಯ್ಯ ಸಿಕ್ಕ.

ಎಲ್ಲ ಮುಗಿದ ಮೇಲೆ ಮನಸ್ಸಿಗೆ ಕಿರಿಕಿರಿ ಆಗುತ್ತಲೇ ಇತ್ತು. ಬ್ರೌಸರ್‌ನಿಂದ ಬಾರದ ಫೈಲ್‌ಗೆ ಬಂದಿದೆ ಅಂತ ವೇಷ ಹಾಕಿಸುವುದು ಯಾಕೆ? ನನ್ನ ಸರ್ವಿಸ್‌ಗೆ ನಿಜವಾಗಿ ಬೇಕಿದ್ದದ್ದು ಒಂದು ಫೈಲ್, ಒಂದು ಹೆಸರು, ಅಷ್ಟೇ. ಸಿಂಫನಿಯಲ್ಲಿ ಅಪ್‌ಲೋಡೆಡ್‌ಫೈಲ್‌ಗೆ ತಾಯಿ ಕ್ಲಾಸ್ ಒಂದಿದೆ, ಹೆಸರು 'ಫೈಲ್'. ಸರ್ವಿಸ್‌ನ ಟೈಪನ್ನು ಅದಕ್ಕೆ ಬದಲಾಯಿಸಿದೆ. ಮೂಲ ಹೆಸರನ್ನು ಬೇರೆ ಆರ್ಗ್ಯುಮೆಂಟ್ ಮಾಡಿದೆ, ಯಾಕೆಂದರೆ ಕ್ಲೈಂಟ್ ಕೊಟ್ಟ ಹೆಸರು ಕೇಳುವ ಮೆಥಡ್ ತಾಯಿಯ ಹತ್ತಿರ ಇಲ್ಲ. ಮೂವ್ ಬದಲು ಸ್ಟೋರೇಜ್‌ನ 'ಪುಟ್ ಫೈಲ್ ಆಸ್' ಹಾಕಿದೆ. ಅದು ಓದಿ ಬರೆಯುತ್ತದೆ, ಮೂಲವನ್ನು ಮುಟ್ಟುವುದಿಲ್ಲ. ಲಾರಾವೆಲ್‌ನ ಇಮೇಜ್, ಮೈಮ್ಸ್, ಮ್ಯಾಕ್ಸ್ ರೂಲ್‌ಗಳು ಈ ಫೈಲ್ ಆಬ್ಜೆಕ್ಟ್ ಮೇಲೂ ಕೆಲಸ ಮಾಡುತ್ತವೆ. ಟೆಂಪ್ ಕಾಪಿ, ಟೆಸ್ಟ್ ಟ್ರೂ, ಫೈನಲಿ, ಎಲ್ಲಾ ಕಿತ್ತುಹಾಕಿದೆ.

ಸರ್ವಿಸ್ ನಿಮ್ಮದಲ್ಲದಿದ್ದರೆ, ಅಂದರೆ ಯಾವುದೋ ಪ್ಯಾಕೇಜ್‌ನದ್ದಾಗಿದ್ದರೆ, ವೇಷ ಹಾಕಿಸಲೇಬೇಕು. ಆಗ ಕಾಪಿ ಮಾಡಿಯೇ ಹಾಕಿಸಿ.

ಅದೇ ವ್ಯಾಲಿಡೇಷನ್ ದಾರಿಯಲ್ಲಿ ಕಳಿಸಿದ್ದರಿಂದ ಒಂದು ಲಾಭವೂ ಆಯಿತು. ಮೈಮ್ಸ್ ರೂಲ್ ಹೆಸರನ್ನು ನಂಬುವುದಿಲ್ಲ, ಫೈಲ್‌ನ ಒಳಗನ್ನು ನೋಡುತ್ತದೆ. 37 ಫೋಟೊಗಳಿಗೆ ಜೆಪೆಗ್ ಅಂತ ಬಾಲ ಇತ್ತು, ಒಳಗೆ ಐಫೋನ್‌ನ ಹೈಕ್ (HEIC) ಫೈಲ್. ಯಾರೋ ಸುಮ್ನೆ ಹೆಸರು ಬದಲಾಯಿಸಿದ್ದರು. ಪಟ್ಟಿ ಪ್ರಿಂಟ್ ಮಾಡಿ ಕಾರ್ಯದರ್ಶಿಗಳಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದುತ್ತಾ ಹೋಗಿ, ಮೂರನೇ ಹೆಸರಿಗೆ ನಿಂತರು. "ಇದು ನಂದೇ ಅಲ್ವಾ?"