ಹುಣಸೆ ಬೀಜದ ಕೆಳಗಿನ ಪದ: ಎಂಟನೇ ತರಗತಿಗೆ ಆಧಾರ ತೋರಿಸಿ ಊಹಿಸುವುದನ್ನು ಕಲಿಸಿದ ಅನುಭವ

ಮೊದಲು ಗದ್ಯ ನೋಡಿಬಿಡಿ. ತರಗತಿಗೆಂದೇ ನಾನು ಬರೆದದ್ದು.

“ಸಂಜೆ ಆರೂವರೆ. ನಿಂಗಮ್ಮ ಇವತ್ತೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಕೊನೇ ಬಸ್ಸು ಬಂತು. ಮೂವರು ಇಳಿದರು. ನಿಂಗಮ್ಮ ಬುತ್ತಿಯ ಗಂಟು ಬಿಚ್ಚದೆ ಎದ್ದಳು. ‘ನಾಳೆಯಾದರೂ ಬರ್ತಾನೆ ಬಿಡವ್ವ’ ಅಂದ ಕಂಡಕ್ಟರ್.”

ನಿಂಗಮ್ಮ ಹೀಗೆ ಕಾದದ್ದು ಇದೇ ಮೊದಲ ಸಲವೇ? 38 ಮಕ್ಕಳಲ್ಲಿ ಸುಮಾರು 30 ಮಂದಿ ‘ಅಲ್ಲ’ ಎಂದು ಸರಿಯಾಗಿಯೇ ಹೇಳುತ್ತಾರೆ. ಹೇಗೆ ಗೊತ್ತಾಯ್ತು ಅಂದರೆ ಇಡೀ ಗದ್ಯವನ್ನು ಮತ್ತೆ ಓದಿ ಹೇಳುತ್ತಾರೆ. ಜೂನ್‌ನಲ್ಲಿ ‘ಇವತ್ತೂ’ ಪದದ ಮೇಲೆ ಬೆರಳಿಟ್ಟವರು ಆರೋ ಏಳೋ ಮಂದಿ. ಸುಳಿವಿನ ಪದದ ಮೇಲೆ ಹುಣಸೆ ಬೀಜ ಇಡಿಸುವ ಅಭ್ಯಾಸ ಮಾಡಿಸಿದ ಮೇಲೆ, ಜನವರಿ ಹೊತ್ತಿಗೆ 25 ದಾಟಿತ್ತು. ಗದ್ಯ ಬದಲಾದರೂ ಅಷ್ಟೇ ಮಂದಿ ಸರಿಯಾದ ಪದ ತೋರಿಸಿದರು ಅನ್ನುವುದು ನನಗೆ ಹೆಮ್ಮೆಯ ಮಾತು. ‘ಇದೆಲ್ಲ ಮಾಡುತ್ತಾ ಕೂತರೆ ಪಾಠ ಮುಗಿಸೋದು ಯಾವಾಗ’ ಎಂದವರಿಗೆ ಈಗ ಉತ್ತರ ಪತ್ರಿಕೆಗಳನ್ನೇ ತೋರಿಸುತ್ತೇನೆ. ವಾರಕ್ಕೆ ಎರಡು ಅವಧಿಗಳಲ್ಲಿ ತಲಾ 15 ನಿಮಿಷ, ಅಷ್ಟೇ ಹಿಡಿದದ್ದು.

ಇದಕ್ಕೂ ಮೊದಲು ಮೂರು ದಾರಿ ಸೋತವು. ಮೊದಲನೆಯದು ಸುಳಿವಿಗೆ ಬಣ್ಣ ಬಳಿಸುವುದು. ಹೈಲೈಟರ್‌ಗೆ ಹೋದ ದುಡ್ಡು ಈಗಲೂ ಹೊಟ್ಟೆ ಉರಿಸುತ್ತದೆ. ಇಬ್ಬರಿಗೊಂದರಂತೆ 19 ಪೆನ್ನು, ಒಂದಕ್ಕೆ 20 ರೂಪಾಯಿ, ಮೇಲೆ ಪ್ರತಿ ವಾರದ ಜೆರಾಕ್ಸ್. ಮಕ್ಕಳು ಸಾಲುಸಾಲೇ ಬಳಿದರು. ಬಣ್ಣ ಹಚ್ಚಿದರೆ ಪದ ಎದ್ದು ಕಾಣುತ್ತದೆ ನಿಜ, ಆದರೆ ಆ ಪದ ಅಲ್ಲಿ ಇಲ್ಲದಿದ್ದರೆ ಅರ್ಥ ಏನಾಗುತ್ತಿತ್ತು ಅನ್ನುವುದು ಕಾಣುವುದಿಲ್ಲ. ಒಮ್ಮೆ ಬಳಿದದ್ದನ್ನು ಅಳಿಸಲೂ ಆಗದು. ಎರಡನೆಯದು ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಮೂರು ಕಾಲಮಿನ ಪಟ್ಟಿ: ಸಾಲು, ನನಗೆ ಮೊದಲೇ ಗೊತ್ತಿದ್ದದ್ದು, ತೀರ್ಮಾನ. ಮಕ್ಕಳು ಕೊನೆಯ ಕಾಲಮು ಮೊದಲು ತುಂಬಿ, ಆಮೇಲೆ ಹತ್ತಿರದ ಯಾವುದೋ ಸಾಲನ್ನು ನಕಲು ಮಾಡಿದರು. ಪಟ್ಟಿ ತುಂಬಿತು, ಯೋಚನೆ ನಡೆಯಲಿಲ್ಲ. ಮೂರನೆಯದು ನನ್ನ ಪದಗಳದ್ದೇ ತಪ್ಪು. ಸುಳಿವು ಹಿಡಿದು ತೀರ್ಮಾನಕ್ಕೆ ಬರುವುದು ಎನ್ನುವ ಅರ್ಥದಲ್ಲಿ ನಾನು ‘ಅನುಮಾನ’ ಎಂದರೆ ಮಕ್ಕಳಿಗೆ ಅದು ಸಂಶಯ, ‘ಅವನ ಮೇಲೆ ಅನುಮಾನ’ ಅಂತಾರಲ್ಲ, ಹಾಗೆ. ‘ಊಹಿಸಿ’ ಎಂದರೆ ಬಾಯಿಗೆ ಬಂದದ್ದು ಹೇಳುವುದು. ಎರಡನ್ನೂ ಬಿಟ್ಟೆ. ‘ಸುಳಿವು ಯಾವುದು?’ ಎನ್ನುವ ಒಂದೇ ಪ್ರಶ್ನೆ ಉಳಿಸಿಕೊಂಡೆ.

ಈಗ ಮಾಡುವುದು ಹೀಗೆ. ಗದ್ಯ ಆರೇಳು ವಾಕ್ಯ ಮೀರಬಾರದು. ಅಕ್ಷರ 20 ಪಾಯಿಂಟ್ ಇರಲಿ, ಸಾಲುಗಳ ನಡುವೆ ಜಾಗ ಬಿಡಿ, ಯಾಕೆಂದರೆ ಮಾಮೂಲಿ ಅಕ್ಷರವಾದರೆ ಒಂದು ಬೀಜ ಎರಡು ಪದ ನುಂಗುತ್ತದೆ. 19 ಪ್ರತಿ ಲ್ಯಾಮಿನೇಷನ್ ಮಾಡಿಸಲು ನನಗೆ ಮುನ್ನೂರು ಚಿಲ್ಲರೆ ರೂಪಾಯಿ ಆಯಿತು, ವರ್ಷವಿಡೀ ಬರುತ್ತದೆ. ಜೋಡಿಗೆ ಮೂರು ಹುಣಸೆ ಬೀಜ. ಬಿಸಿಯೂಟದ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಜೊತೆ ಬಂದ ಬೀಜ, ಖರ್ಚಿಲ್ಲ. ಕಾಗದದ ಚೂರು ಫ್ಯಾನ್ ಗಾಳಿಗೆ ಹಾರುತ್ತದೆ. ಇಳಿಜಾರಿನ ಡೆಸ್ಕಿನಲ್ಲಿ ಬೀಜ ಜಾರುವುದರಿಂದ ನೆಲದ ಮೇಲೆ ಕೂರಿಸಿ.

ತೀರ್ಮಾನವನ್ನು ನಾನೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ಹಲವರು ಒಪ್ಪದ ಜಾಗ ಇದೇ. ಆದರೆ ಮೊದಲ ಎರಡು ತಿಂಗಳು ತೀರ್ಮಾನ ಹುಡುಕುವ ಕೆಲಸ ಮಕ್ಕಳಿಗೆ ಬೇಡವೇ ಬೇಡ. ಅದು ಅವರಿಗೆ ಬರುತ್ತದೆ, ಬಾರದಿರುವುದು ಆಧಾರ. ಆ ತೀರ್ಮಾನಕ್ಕೆ ಕಾರಣವಾದ ಪದದ ಮೇಲೆ ಬೀಜ ಇಡಬೇಕು, ಇಟ್ಟು ಆ ಪದ ಬಿಟ್ಟು ಓದಬೇಕು. ಪ್ರತ್ಯಯ ಇದ್ದರೆ ಅದನ್ನು ಕಳಚಿ ಸಾದಾ ರೂಪದಲ್ಲಿ ಓದಬೇಕು: ‘ಇವತ್ತೂ’ ಹೋಗಿ ‘ಇವತ್ತು’, ‘ನಾಳೆಯಾದರೂ’ ಹೋಗಿ ‘ನಾಳೆ’. ಓದಿದ ಮೇಲೂ ತೀರ್ಮಾನ ಹಾಗೇ ನಿಂತರೆ ಬೀಜ ತಪ್ಪು ಜಾಗದಲ್ಲಿದೆ. ತೀರ್ಮಾನವೇ ಬಿದ್ದುಹೋದರೆ ಆ ಪದವೇ ಸುಳಿವು.

ಇಲ್ಲಿ ಒಂದು ತೊಡಕಿದೆ. ನಿಂಗಮ್ಮನ ಗದ್ಯದಲ್ಲಿ ‘ಇವತ್ತೂ’ ಮುಚ್ಚಿದರೂ ತೀರ್ಮಾನ ಬೀಳುವುದಿಲ್ಲ, ‘ನಾಳೆಯಾದರೂ’ ಅದನ್ನು ಹಿಡಿದುಕೊಂಡಿರುತ್ತದೆ. ಚುರುಕು ಮಕ್ಕಳೇ ಇಲ್ಲಿ ಸರಿಯಾದ ಬೀಜ ಎತ್ತಿಬಿಡುತ್ತಾರೆ. ಅದಕ್ಕೇ ಮೂರು ಬೀಜ. ಒಂದಕ್ಕೆ ಬೀಳದಿದ್ದರೆ ಅದನ್ನು ಅಲ್ಲೇ ಬಿಟ್ಟು ಎರಡನೆಯದನ್ನು ಇಡಿ. ಮೊದಲ ನಾಲ್ಕೈದು ಗದ್ಯಗಳಲ್ಲಿ ಒಂದು ತೀರ್ಮಾನಕ್ಕೆ ಒಂದೇ ಸುಳಿವು ಇರುವಂತೆ ಬರೆದುಕೊಳ್ಳಿ, ಜೋಡಿ ಸುಳಿವು ದಸರಾ ರಜೆ ಮುಗಿದ ಮೇಲೆ. ಸುಳಿವಿನಂತೆ ಕಂಡು ದಾರಿ ತಪ್ಪಿಸಲಿ ಎಂದು ಬೇಕೆಂದೇ ಹಾಕುವ ಪದವನ್ನು ಗದ್ಯದ ಯಾವ ಜಾಗದಲ್ಲಿ ಇಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಮಕ್ಕಳೂ ಇದನ್ನು ಓದಿಯಾರು.

ಕನ್ನಡದಲ್ಲಿ ಸುಳಿವು ಅಡಗುವುದು ಹೆಚ್ಚಾಗಿ ಸಣ್ಣ ಜಾಗಗಳಲ್ಲಿ: ಊ, ಏ, ಆದರೂ, ಮತ್ತೆ, ಇನ್ನೂ, ಮತ್ತು ಕ್ರಿಯಾಪದದ ಬಾಲ. ಕಾಯುತ್ತಿರುವುದು ಯಾರಿಗೆ? ‘ಬರ್ತಾನೆ’ ಎಂದಿರುವುದರಿಂದ ಗಂಡಸು, ಇದು ಖಚಿತ. ಮಗನೇ? ಗಂಡನಾಗಿದ್ದರೆ ಕಂಡಕ್ಟರ್ ‘ಬರ್ತಾರೆ’ ಅನ್ನುತ್ತಿದ್ದ ಎಂದು ಒಂದು ಗುಂಪು, ನಮ್ಮೂರಲ್ಲಿ ಎಲ್ಲ ಗಂಡಸರಿಗೂ ‘ಬರ್ತಾನೆ’ ಅಂತಾರೆ ಎಂದು ಇನ್ನೊಂದು ಗುಂಪು. ಎರಡೂ ಸರಿ. ಹಾಗಾಗಿ ತೀರ್ಮಾನವನ್ನು ಮೂರು ಅಳತೆಯಲ್ಲಿ ಹೇಳಿಸುತ್ತೇನೆ. ಕಾಯುತ್ತಿರುವುದು ಗಂಡಸಿಗೆ, ‘ಹೌದು’. ಬುತ್ತಿ ತಂದದ್ದು ಅವನಿಗೇ ‘ಇರಬೇಕು’. ಅವನು ಮಗ ‘ಇರಬಹುದು’. ‘ಇರಬೇಕು’ ಪದಕ್ಕೆ ಕಡ್ಡಾಯ ಎನ್ನುವ ಅರ್ಥವೂ ಇರುವುದರಿಂದ ಒಂದು ವಾರ ಗೊಂದಲ ಆಗಿಯೇ ಆಗುತ್ತದೆ. ‘ಮನೆಯಲ್ಲಿ ಇರಬೇಕು’ ಅನ್ನುವುದನ್ನು ಎರಡು ದನಿಯಲ್ಲಿ ಹೇಳಿ ತೋರಿಸಿದರೆ ಬಿಡಿಸಿಕೊಳ್ಳುತ್ತದೆ.

ನಡುವೆ ಬೇರೆಯದನ್ನೂ ಮಾಡಿ ನೋಡಿದೆ. ಚಿತ್ರ ಕೊಟ್ಟು ಊಹಿಸಲು ಬಿಟ್ಟರೆ ಮಕ್ಕಳು ಜೋರು, ಆದರೆ ಆ ಜೋರು ಓದಿಗೆ ದಾಟಲಿಲ್ಲ. ಬೀದಿಯಲ್ಲಿ, ಅಂಗಡಿಗಳಲ್ಲಿ ಕಾಣುವ ಬೋರ್ಡುಗಳು ಮಾತ್ರ ದಾಟಿದವು. ‘ಇಲ್ಲಿ ಕಸ ಹಾಕಬಾರದು’ ಎಂದಿದೆ, ಹಾಗಾದರೆ ಅಲ್ಲಿ ಏನಾಗುತ್ತಿದ್ದಿರಬೇಕು? ‘ನಮ್ಮಲ್ಲಿ ಕಾಫಿಯೂ ಸಿಗುತ್ತದೆ’ ಎಂದರೆ ಅಂಗಡಿಯ ಮುಖ್ಯ ವ್ಯಾಪಾರ ಕಾಫಿಯದೇ? ಊರಿನ ಬೋರ್ಡುಗಳನ್ನು ಬರೆದು ತರಲು ಹೇಳಿ, ಎರಡು ವಾರಕ್ಕಾಗುವಷ್ಟು ಸರಕು ಪುಕ್ಕಟೆ ಸಿಗುತ್ತದೆ.

ನಿಜವಾದ ಲಾಭ ಕಂಡದ್ದು ಪಾಠದ ಒಂದು ಮಾತು ಕೊಟ್ಟು ಕೇಳುವ ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಪ್ರಶ್ನೆಯಲ್ಲಿ. ಆಯ್ಕೆ (ಆ ಮಾತು ಯಾವ ಪಾಠದ್ದು ಎಂಬುದು), ಸಂದರ್ಭ ಹೇಗೋ ಬರೆಯುತ್ತಾರೆ, ಸ್ವಾರಸ್ಯಕ್ಕೆ ಬಂದಾಗ ಗೈಡಿನ ಒಂದೇ ವಾಕ್ಯ. ಕೊಟ್ಟ ಮಾತಿನಲ್ಲಿ ಯಾವ ಪದದ ಮೇಲೆ ಬೀಜ ಇಡುತ್ತೀರಿ ಎಂದು ಕೇಳಿದ ಮೇಲೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ವಂತ ವಾಕ್ಯ ಬರೆದರು. ಕಾಗುಣಿತದ ತಪ್ಪಿತ್ತು, ಆದರೂ ಮಾತು ಅವರದು.

ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ ‘ಊ’ ಕಾಗದದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ಮೊದಲು ‘ಆಜ್’ (ಇವತ್ತು), ‘ಆಜ್ ಭೀ’ (ಇವತ್ತೂ) ಎಂದು ಬಾಯಲ್ಲೇ ಹೇಳಿಸಿ, ವ್ಯತ್ಯಾಸ ಅವರೇ ಹೇಳುತ್ತಾರೆ. ಆಮೇಲೆ ಬೀಜ ಕೊಡಿ.