ಪೌತಿ ಖಾತೆಗಾಗಿ ಹೈಕೋರ್ಟ್ ಮೊರೆ ಹೋದ ನನ್ನ ಅನುಭವ

ತಂದೆಯವರು ತೀರಿಕೊಂಡ ಮೇಲೆ ಜಮೀನನ್ನು ತಾಯಿಯ ಮತ್ತು ನಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಲು ಅರ್ಜಿ ಕೊಟ್ಟೆವು. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲವೂ ಇದ್ದವು. ಯಾರ ತಕರಾರೂ ಇರಲಿಲ್ಲ. ಆದರೂ ಕಡತ ಕದಲಲಿಲ್ಲ. ತಿರಸ್ಕರಿಸಿದ್ದರೆ ಮೇಲ್ಮನವಿಗೆ ಹೋಗಬಹುದಿತ್ತು. ಏನನ್ನೂ ಹೇಳದ ಕಚೇರಿಯ ಮೇಲೆ ಮೇಲ್ಮನವಿ ಹೇಗೆ ಸಲ್ಲಿಸುವುದು? ಈ ಮೌನವೇ ನನ್ನನ್ನು ಹೆಚ್ಚು ಕೆರಳಿಸಿತು.

ದಾರಿ ಸಿಕ್ಕಿದ್ದು ಸಂವಿಧಾನದ 226ನೇ ವಿಧಿಯಲ್ಲಿ. ಕಾನೂನು ವಹಿಸಿದ ಕರ್ತವ್ಯವನ್ನು ನಿರ್ವಹಿಸದ ಅಧಿಕಾರಿಗೆ ಅದನ್ನು ನಿರ್ವಹಿಸುವಂತೆ ಹೈಕೋರ್ಟ್ ಪರಮಾದೇಶ ರಿಟ್ ಹೊರಡಿಸಬಹುದು. ವಕೀಲರು ಮೊದಲು ಕೇಳಿದ್ದು ಅರ್ಜಿಯ ಸ್ವೀಕೃತಿಯನ್ನು. ಲಿಖಿತವಾಗಿ ಕೇಳಿಯೂ ಕೆಲಸ ಆಗಿಲ್ಲ ಎಂಬುದನ್ನು ನಾವೇ ತೋರಿಸಬೇಕು. ಹಾಗಾಗಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128 ಮತ್ತು 129ನೇ ಕಲಂಗಳನ್ನು ಉಲ್ಲೇಖಿಸಿ ಇನ್ನೊಂದು ಮನವಿಯನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಅದಕ್ಕೂ ಉತ್ತರವಿಲ್ಲದಾಗ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಿದೆವು.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಇಂಥ ಪ್ರಕರಣಗಳಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ‘ಖಾತೆ ಮಾಡಿಕೊಡಿ’ ಎನ್ನುವುದಿಲ್ಲ. ‘ಅರ್ಜಿಯನ್ನು ಕಾನೂನಿನ ಪ್ರಕಾರ ಇಂತಿಷ್ಟು ವಾರಗಳೊಳಗೆ ತೀರ್ಮಾನಿಸಿ’ ಎನ್ನುತ್ತದೆ. ಕೇಳಲು ಇದು ಸಣ್ಣದು. ಆದರೆ ಆ ಗಡುವಿನಲ್ಲೇ ಅದರ ಬಲವಿದೆ: ಬೇಕೆಂದೇ ಮೀರಿದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆ ಅನ್ವಯವಾಗುತ್ತದೆ. ನಮಗೂ ಅಂಥದೇ ಆದೇಶ ಸಿಕ್ಕಿತು. ಅದರ ದೃಢೀಕೃತ ಪ್ರತಿಯನ್ನು ಕಚೇರಿಗೆ ಒಪ್ಪಿಸಿ, ಮುದ್ರೆ ಹಾಕಿದ ಸ್ವೀಕೃತಿಯನ್ನು ಪಡೆದುಕೊಂಡೆವು. ಗಡುವು ಮುಗಿಯುವ ಮೊದಲೇ ಪಹಣಿಯಲ್ಲಿ ಹೆಸರುಗಳು ಸೇರಿದವು. ಈ ಹಂಗಾಮಿನ ಬೆಳೆ ವಿಮೆಗೆ ತಾಯಿಯೇ ಅರ್ಜಿ ಸಲ್ಲಿಸಿದ್ದಾರೆ.