ಕುಡಿತ ಬಿಡಿಸಲು ಪಂಚಾಯಿತಿ ದುಡ್ಡು: ನನ್ನ ಅನುಭವ

2021ರಿಂದ ಎರಡೂವರೆ ವರ್ಷ ನಾನು ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದೆ. ಸುತ್ತ ಕಾಫಿ ತೋಟ, ತೋಟದ ಕೂಲಿಯವರು ಇರುವ ಸಾಲುಮನೆಗಳ ಲೈನು. ಮೊದಲ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಮಾತೆಲ್ಲ ಮುಗಿದ ಮೇಲೆ ಲೈನಿನ ಹೆಂಗಸೊಬ್ಬರು ಎದ್ದು ನಿಂತರು. "ಅಕ್ಕಾ, ಬಟವಾಡೆ ದುಡ್ಡು ಕುಡಿತಕ್ಕೇ ಹೋಗುತ್ತೆ, ಮನೆಗೆ ಬರೋದೇ ಇಲ್ಲ. ಇದಕ್ಕೆ ಪಂಚಾಯಿತೀಲಿ ಏನೂ ಇಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಕೂತು ಲೆಕ್ಕ ನೋಡಿದೆ. ಅಬಕಾರಿ ಸುಂಕ ಹೋಗುವುದು ರಾಜ್ಯದ ಬೊಕ್ಕಸಕ್ಕೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ಕ್ಕೆ ಆಗಲೇ ಕ್ರಿಯಾ ಯೋಜನೆ ಆಗಿಹೋಗಿತ್ತು. ಕೈಗೆ ಸಿಕ್ಕಿದ್ದು ಸ್ವಂತ ಸಂಪನ್ಮೂಲ ಮಾತ್ರ. ಅಂದರೆ ಮನೆ ಕಂದಾಯ, ಅಂಗಡಿ ಲೈಸೆನ್ಸಿನ ದುಡ್ಡು.

"ಆಡಿಟ್‌ನಲ್ಲಿ ಕೇಳ್ತಾರೆ ಮೇಡಂ" ಅಂತ ಪಿಡಿಒ ಹಿಂಜರಿದರು. ಅವರ ಅಂಜಿಕೆ ತಪ್ಪಲ್ಲ. ಆದರೆ ಪಂಚಾಯಿತಿಗಳಿಗೆ ವಹಿಸಬಹುದು ಅಂತ ಸಂವಿಧಾನದ 11ನೇ ಅನುಸೂಚಿ ಪಟ್ಟಿ ಮಾಡಿರುವ 29 ವಿಷಯಗಳಲ್ಲಿ ಆರೋಗ್ಯವೂ ಇದೆ. ಹೆಂಗಸರ ಬೇಡಿಕೆಯನ್ನು ಗ್ರಾಮಸಭೆ ನಡಾವಳಿಯಲ್ಲಿ ಬರೆಸಿದೆವು, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದೆವು, ಬಜೆಟ್‌ನಲ್ಲಿ ಆರೋಗ್ಯದ ಕೆಳಗೆ 60,000 ರೂಪಾಯಿ ಇಟ್ಟೆವು. ಯಾರಾದರೂ ಇದನ್ನು ಮಾಡುವುದಾದರೆ ಈ ಕಾಗದಗಳನ್ನು ಮೊದಲು ಸರಿ ಮಾಡಿಕೊಳ್ಳಿ.

ಮೊದಲ ವರ್ಷ ನಾನೇ ತಪ್ಪು ಮಾಡಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಸಮುದಾಯ ಭವನದಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಇಟ್ಟೆವು. ದುಡ್ಡೆಲ್ಲ ಶಾಮಿಯಾನ, ಊಟ, ಫ್ಲೆಕ್ಸ್‌ಗೆ ಹೋಯಿತು. ಮೂರನೇ ದಿನ ಬೆಳಿಗ್ಗೆ ಒಬ್ಬ ಅಣ್ಣ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಾಯಿಗೆ ತರುವಷ್ಟರಲ್ಲಿ ಅರ್ಧ ಟೀ ಅಂಗಿ ಮೇಲೆ. ಸಂಜೆಗೆ "ಗೋಡೆ ಮೇಲೆ ಹುಳ ಹರೀತಿವೆ" ಅಂತ ಕೂಗತೊಡಗಿದರು. ರಾತ್ರಿಯೇ ಜೀಪಿನಲ್ಲಿ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಬರಬಹುದು, ಜೀವಕ್ಕೇ ಅಪಾಯ ಅಂತ ಡಾಕ್ಟರು ತಿಳಿಸಿ ಹೇಳಿದರು. ಶಿಬಿರಕ್ಕೆ ಸೇರಿಸುವ ಮೊದಲು ಡಾಕ್ಟರಿಗೆ ತೋರಿಸಬೇಕಿತ್ತು. ಫ್ಲೆಕ್ಸ್‌ಗೆ ದುಡ್ಡಿಟ್ಟಿದ್ದ ನಾವು ಅದಕ್ಕೆ ಇಟ್ಟಿರಲಿಲ್ಲ. ಅವರು ಉಳಿದುಕೊಂಡರು. ಆ ರಾತ್ರಿ ನೆನೆಸಿಕೊಂಡರೆ ಈಗಲೂ ನನ್ನ ಎದೆ ನಡುಗುತ್ತದೆ.

ಮಳೆಗಾಲ ಹಿಡಿಯುವಷ್ಟರಲ್ಲಿ ಶಿಬಿರದವರಲ್ಲಿ ಅರ್ಧಕ್ಕರ್ಧ ಜನ ಮತ್ತೆ ಕುಡಿಯುತ್ತಿದ್ದರು. ಬಿಡಿಸುವುದಕ್ಕಿಂತ ಬಿಟ್ಟವರನ್ನು ಹಿಡಿದು ನಿಲ್ಲಿಸುವುದೇ ಕಷ್ಟ ಅಂತ ಆಗ ಗೊತ್ತಾಯಿತು.

ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ನಮ್ಮ ಜನಕ್ಕೆ ಇಲ್ಲದ್ದು ಅಲ್ಲಿಗೆ ಹೋಗುವ ದಾರಿ. ನಮ್ಮ ಕಡೆಯಿಂದ ಬಸ್ಸು ಹೊತ್ತಿಗೆ ಸರಿಯಾಗಿ ಇಲ್ಲ, ಹೋದರೆ ಒಂದು ದಿನದ ಕೂಲಿ ಹೋಯಿತು. ಎರಡನೇ ವರ್ಷ ಶಾಮಿಯಾನ ಬಿಟ್ಟೆವು. ಜೀಪ್ ಬಾಡಿಗೆ ದಿನಕ್ಕೆ 1,200. ಐವತ್ತು ಮಂಗಳವಾರಕ್ಕೆ ಸರಿಯಾಗಿ 60,000. ಯಾರು ಬಂದರು, ಯಾರು ಬರಲಿಲ್ಲ ಅಂತ ಆಶಾ ಕಾರ್ಯಕರ್ತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಬಾರದವರ ಮನೆಗೆ ಸಂಜೆ ಹೋಗಿ ಬರುತ್ತಿದ್ದರು. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ, ಮಾತ್ರೆ ತರಬೇಡಿ, ಅದು ಅಪಾಯ ಅಂತ ಹೆಂಗಸರಿಗೆ ಹೇಳಿದ್ದೂ ಅವರೇ. ರಾತ್ರಿ ಹೊತ್ತು ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿ ಅಂತ ನಂಬರ್ ಬರೆದು ಲೈನಿನ ಬಾಗಿಲುಗಳಿಗೆ ಅಂಟಿಸಿದೆವು. ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ಮಂಗಳವಾರ ಜೀಪಿನಲ್ಲಿ ಇಬ್ಬರೇ. ಅವರಲ್ಲಿ ಒಬ್ಬರು ಆ ಟೀ ಲೋಟದ ಅಣ್ಣ. ಮೂರು ತಿಂಗಳಿಗೆ ಏಳು ಜನ ಆದರು. ಎಲ್ಲರೂ ಬಿಟ್ಟರು ಅಂತ ಹೇಳಲಾರೆ. ಎರಡು ಸಲ ಜಾರಿ ಮತ್ತೆ ಜೀಪ್ ಹತ್ತಿದವರಿದ್ದಾರೆ.

ನಾನು ಅಧಿಕಾರ ಬಿಡುವಾಗ ಆ ನೋಟ್‌ಬುಕ್ಕನ್ನು ಮುಂದಿನ ಅಧ್ಯಕ್ಷರ ಕೈಗೆ ಕೊಟ್ಟೆ. ಬಜೆಟ್‌ನಲ್ಲಿ ಆ ಸಾಲು ಉಳಿದಿದೆ, ಮೊತ್ತವೂ 60,000ದಲ್ಲೇ ಇದೆ. ಆದರೆ ಜೀಪ್ ಬಾಡಿಗೆ ಈಗ 1,500. ಅಂದರೆ ನಲವತ್ತೇ ಮಂಗಳವಾರ. ಉಳಿದ ಹನ್ನೆರಡು ವಾರಕ್ಕೂ ದುಡ್ಡಿಡಿ ಅಂತ ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಮೊದಲ ಸಹಿ ಆ ಅಣ್ಣನದು.